ಎಮಿರೇಟ್ಸ್ ಬಿಸಿನೆಸ್ ಕ್ಲಾಸ್: ದುಬೈನಿಂದ ಮುಂದಕ್ಕೆ ಸಾಕು

ಮಂಡಿನೋವಿರುವ ಅಮ್ಮನಿಗೆ ಎಮಿರೇಟ್ಸ್ ಬಿಸಿನೆಸ್ ಕ್ಲಾಸ್ ಟಿಕೆಟ್ ತುಂಬಾ ದುಬಾರಿ ಬರ್ತಿದೆ, ಅಷ್ಟು ಕೊಡಬಹುದಾ ಅಂತ ಕೇಳಿದ್ದೀರಿ. ಅಷ್ಟು ಬರಲು ಕಾರಣ, ಬೆಂಗಳೂರಿನಿಂದ ದುಬೈ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ, ಹೀಗೆ ಎರಡೂ ವಿಮಾನಕ್ಕೆ ಬಿಸಿನೆಸ್ ಕ್ಲಾಸ್ ಹಾಕಿರುವುದು ಇರಬೇಕು. ದುಬೈವರೆಗಿನ 4 ಗಂಟೆಗೆ ಅದು ಸುಮ್ನೆ ಖರ್ಚು. ಮುಂದಿನ ಸುಮಾರು 16 ಗಂಟೆಗೆ ಮಾತ್ರ ಹಾಕಿ ದರ ನೋಡಿ. ವ್ಯತ್ಯಾಸ ಜಾಸ್ತಿ ಬರದಿದ್ದರೆ ಪೂರ್ತಿ ತೆಗೆದುಕೊಳ್ಳಿ.

ದುಡ್ಡು ಕಟ್ಟುವ ಮೊದಲು ಸೀಟ್ ಮ್ಯಾಪ್ ತೆರೆಯಿರಿ. ಎ380 ವಿಮಾನವಾದರೆ ಬಿಸಿನೆಸ್ ಕ್ಲಾಸ್ ಸೀಟು 1-2-1, ಅಂದರೆ ಒಂದು ಸಾಲಿನಲ್ಲಿ ಎರಡು ಬದಿಗೂ ಒಂದೊಂದು, ನಡುವೆ ಎರಡು. ಪೂರ್ತಿ ಮಲಗಬಹುದು, ಯಾರನ್ನೂ ದಾಟದೆ ಎದ್ದು ಓಡಾಡಬಹುದು. ಮಂಡಿನೋವಿನ ಅಮ್ಮನಿಗೆ ಬೇಕಾಗಿರುವುದು ಅದೇ ಅಲ್ವಾ? ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಳೆಯ 777 ವಿಮಾನದಲ್ಲಿ 2-3-2 ಇರುತ್ತದೆ, ಅಲ್ಲಿ ಕಿಟಕಿ ಬೇಡ, ಓಡಾಡುವ ದಾರಿಯ ಪಕ್ಕದ ಸೀಟನ್ನೇ ಹಿಡಿಯಿರಿ. ವಿಮಾನ ಕೊನೆಗಳಿಗೆಯಲ್ಲಿ ಬದಲಾಗುವುದೂ ಉಂಟು, ಹಿಂದಿನ ದಿನ ಮತ್ತೊಮ್ಮೆ ನೋಡಿ. ವೀಲ್‌ಚೇರ್ ಈಗಲೇ ಕೇಳಿಡಿ, ಎಕಾನಮಿಯಲ್ಲೂ ಅದು ಉಚಿತ.