ತೊಳೆದ ಬೇರಿಂಗ್ ವಾರಕ್ಕೇ ತುಕ್ಕು ಹಿಡಿದದ್ದೇಕೆ? ಸ್ಕೇಟ್‌ಬೋರ್ಡ್ ಚಕ್ರಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಗಳ ಸ್ಕೇಟ್‌ಬೋರ್ಡಿನ ಚಕ್ರಗಳು ಕರಕರ ಅನ್ನುತ್ತಿದ್ದವು. ಎಂಟೂ ಬೇರಿಂಗ್ ಬಿಚ್ಚಿ, ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಚೆನ್ನಾಗಿ ಉಜ್ಜಿದೆ. ಬಟ್ಟೆಯಲ್ಲಿ ಒರೆಸಿ ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಎಣ್ಣೆ ಬಿಟ್ಟು ಜೋಡಿಸಿದೆ. ವಾರ ಕಳೆಯುವುದರೊಳಗೆ ಮೊದಲಿಗಿಂತ ಜೋರು ಸದ್ದು. ಬಿಚ್ಚಿ ನೋಡಿದರೆ ಒಳಗೆ ಕೆಂಪು ಪುಡಿ. ಎಲ್ಲಿ ತಪ್ಪಿದೆ?

ಉಜ್ಜಿದ್ದೆಲ್ಲ ಸರಿಯಾಗಿಯೇ ಇದೆ. ನಿಮ್ಮ ಬೇರಿಂಗ್ ಹಾಳಾದದ್ದು ಆ ರಾತ್ರಿ, ನೀವು ಮಲಗಿದ್ದಾಗ.

ಸ್ಕೇಟ್‌ಬೋರ್ಡಿಗೆ ಹಾಕುವುದು 608 ಅಳತೆಯ ಬೇರಿಂಗ್. ಒಳತೂತು 8 ಮಿ.ಮೀ., ಹೊರಸುತ್ತಿನ ವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಇಷ್ಟು ಪುಟ್ಟ ಜಾಗದಲ್ಲಿ ಎರಡು ಉಕ್ಕಿನ ಬಳೆ, ಅವುಗಳ ನಡುವೆ ಸಾಮಾನ್ಯವಾಗಿ ಏಳು ಗುಂಡು, ಗುಂಡುಗಳು ಒಂದಕ್ಕೊಂದು ತಾಗದಂತೆ ಹಿಡಿದಿಡುವ ಒಂದು ಕೇಜ್. ಗುಂಡಿಗೂ ಕೇಜಿಗೂ ನಡುವಿನ ಸಂದಿಗೆ ನಿಮ್ಮ ಬಟ್ಟೆ ಹೋಗುವುದಿಲ್ಲ, ನೀರು ಮಾತ್ರ ಸಲೀಸಾಗಿ ಹೋಗಿ ಕೂರುತ್ತದೆ. ಈ ಉಕ್ಕು ಬಹಳ ಗಟ್ಟಿ, ಆದರೆ ಸ್ಟೇನ್‌ಲೆಸ್ ಅಲ್ಲ. ಅದನ್ನು ತುಕ್ಕಿನಿಂದ ಕಾಯುವುದು ಮೇಲಿರುವ ಎಣ್ಣೆಯ ಪದರ. ಸೋಪು ಅದನ್ನೂ ತೊಳೆದುಕೊಂಡು ಹೋಯಿತು. ಬರಿಮೈ ಉಕ್ಕು, ಸಂದಿಯಲ್ಲಿ ನೀರು, ಮೇಲೆ ಗಾಳಿ: ತುಕ್ಕಿಗೆ ಇದಕ್ಕಿಂತ ಹೆಚ್ಚು ಏನೂ ಬೇಡ, ಕೆಲವೇ ಗಂಟೆ ಸಾಕು. ಬೆಳಿಗ್ಗೆ ಬಿಟ್ಟ ಎಣ್ಣೆ ಆ ತುಕ್ಕಿನ ಪುಡಿಯ ಜತೆ ಕಲೆತು, ಎಂಜಿನ್ನಿನ ವಾಲ್ವಿಗೆ ಹಚ್ಚಿ ತಿಕ್ಕುವ ಅರೆಯುವ ಪೇಸ್ಟಿನಂತೆ ಕೆಲಸ ಮಾಡಿತು.

ಹಾಗಾಗಿ ನೀರು ಬಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಳ್ಳಿ, ಶೇ. 90ಕ್ಕಿಂತ ಹೆಚ್ಚಿನದು. ಶೇ. 70ರ ಬಾಟಲಿಯಲ್ಲಿ ಮಿಕ್ಕದ್ದು ನೀರೇ, ಅದನ್ನು ಮುಟ್ಟಬೇಡಿ. ತೀರಾ ಜಿಡ್ಡುಗಟ್ಟಿದ್ದರೆ ಮೊದಲ ಸುತ್ತಿಗೆ ಸೀಮೆಎಣ್ಣೆ ಆದೀತು. ಆದರೆ ಅದು ತಾನೇ ಒಂದು ಎಣ್ಣೆಯ ಪದರ ಬಿಟ್ಟುಹೋಗುವುದರಿಂದ ಕೊನೆಯ ಸುತ್ತು ಆಲ್ಕೋಹಾಲಿನದ್ದೇ ಇರಲಿ. ಅಸಿಟೋನ್ ಜಿಡ್ಡನ್ನು ಚೆನ್ನಾಗಿ ಕತ್ತರಿಸುತ್ತದೆ, ಜತೆಗೆ ಬೇರಿಂಗಿನ ಮುಚ್ಚಳವಾಗಿರುವ ರಬ್ಬರ್ ಸೀಲನ್ನು ಊದಿಸುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಕರಗಿಸಿಯೂ ಬಿಡುತ್ತದೆ. ಪೆಟ್ರೋಲ್ ಬೇಡವೇ ಬೇಡ. ಆಲ್ಕೋಹಾಲ್ ಕೂಡ ಹೊತ್ತಿಕೊಳ್ಳುವ ವಸ್ತುವೇ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರದಿರಲಿ, ಮಗಳು ಪಕ್ಕದಲ್ಲಿದ್ದರೆ ಬಾಟಲಿ ನಿಮ್ಮ ಕೈಯಲ್ಲಿರಲಿ.

ಇನ್ನು ಕೆಲಸ. ಆಕ್ಸಲ್ ನಟ್ಟಿಗೆ ಅರ್ಧ ಇಂಚಿನ ಪಾನಾ ಹಿಡಿಯುತ್ತದೆ, 13 ಮಿ.ಮೀ.ದೂ ನಡೆಯುತ್ತದೆ. ನಟ್ಟು ಬಿಚ್ಚಿದ ಕೂಡಲೇ ಎರಡು ಚಿಕ್ಕ ವಾಷರ್ ಜಾರಿ ಬೀಳುತ್ತವೆ, ಒಂದು ಬಟ್ಟಲಲ್ಲಿ ಹಾಕಿಡಿ. ಬೇರಿಂಗ್ ಕೀಳಲು ಸ್ಕ್ರೂಡ್ರೈವರ್ ಬೇಡ, ಟ್ರಕ್ಕಿನ (ಹಲಗೆಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಆಕ್ಸಲ್ಲೇ ಸಾಕು. ಚಕ್ರವನ್ನು ಪೂರ್ತಿ ಏರಿಸದೆ, ಒಂದು ಬೇರಿಂಗ್ ಮಾತ್ರ ಆಕ್ಸಲ್ಲಿನ ತುದಿಗೆ ಸಿಕ್ಕುವಂತೆ ಹಿಡಿದು, ಮುಚ್ಚಳ ಮೀಟುವಂತೆ ಚಕ್ರವನ್ನು ವಾಲಿಸಿ ಎಳೆಯಿರಿ. 'ಟಪ್' ಎಂದು ಬಂದುಬಿಡುತ್ತದೆ. ಎರಡು ಬೇರಿಂಗ್ ನಡುವೆ ಕೊಳವೆಯಂಥ ಸ್ಪೇಸರ್ ಇದ್ದರೆ ಅದೂ ಬಟ್ಟಲಿಗೆ.

ಈಗ ಮುಚ್ಚಳ ತೆಗೆಯಬೇಕು. ಮುಚ್ಚಳ ಹಾಕಿದಂತೆಯೇ ತೊಳೆಯುವುದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ. ರಬ್ಬರ್ ಸೀಲ್ ಆದರೆ ಅದರ ಒಳ ಅಂಚಿಗೆ ಗುಂಡುಸೂಜಿ ತೂರಿಸಿ ಮೆಲ್ಲಗೆ ಎತ್ತಿ. ಲೋಹದ ಶೀಲ್ಡ್ ಆದರೆ ಹೊರ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಸಿ-ರಿಂಗ್ ಕಾಣುತ್ತದೆಯೇ ನೋಡಿ. ಅದರ ಬಾಯಿ ತೆರೆದಿರುವ ಕಡೆ ಸೂಜಿ ಹಾಕಿ ಒಳಮುಖವಾಗಿ ಎಳೆದರೆ ರಿಂಗು ಚಿಮ್ಮುತ್ತದೆ. ಚಿಮ್ಮುತ್ತದೆ ಎಂದದ್ದು ಅಲಂಕಾರಕ್ಕಲ್ಲ. ನಾನು ಮೊದಲ ಸಲ ಬಿಚ್ಚಿದಾಗ ಹಾರಿಹೋದ ರಿಂಗು ಇವತ್ತಿಗೂ ಸಿಕ್ಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕೀಳುವುದನ್ನು ಕಲಿತದ್ದು ಆಮೇಲೆ. ರಿಂಗೇ ಕಾಣದೆ ಶೀಲ್ಡನ್ನು ಅಂಚಿಗೇ ಅಮುಕಿ ಕೂರಿಸಿದ್ದರೆ ಅದು ಬಿಚ್ಚುವುದಕ್ಕೆಂದು ಮಾಡಿದ್ದಲ್ಲ, ಬಲವಂತ ಮಾಡಬೇಡಿ.

ತೆರೆದ ಬೇರಿಂಗ್‌ಗಳನ್ನು ಉದ್ದನೆಯ ಬೋಲ್ಟಿಗೆ ಪೋಣಿಸಿ, ನಡುನಡುವೆ ಒಂದೊಂದು ವಾಷರ್ ಇಟ್ಟು, ಗಾಜಿನ ಬಾಟಲಿಯಲ್ಲಿ ಮುಳುಗುವಷ್ಟು ಆಲ್ಕೋಹಾಲ್ ಹಾಕಿ ಕುಲುಕಿ. ಮೊದಲ ಸಲದ ದ್ರವ ಕಪ್ಪು ಕಾಫಿಯಂತಾಗುತ್ತದೆ. ಚೆಲ್ಲಿ, ಹೊಸತು ಹಾಕಿ. ದ್ರವ ತಿಳಿಯಾಗಿಯೇ ಉಳಿಯುವವರೆಗೆ, ಸಾಮಾನ್ಯವಾಗಿ ಎರಡು ಮೂರು ಸಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿಂದ ಮುಂದಿದೆ. ಬಾಟಲಿಯಿಂದ ತೆಗೆದ ಬೇರಿಂಗನ್ನು ಒಣಬಟ್ಟೆಯ ಮೇಲೆ ಟಪಟಪನೆ ತಟ್ಟಿ, ಬೆರಳಿನಿಂದ ತಿರುಗಿಸಿ, ಮತ್ತೆ ತಟ್ಟಿ. ಬಟ್ಟೆಯ ಮೇಲೆ ಒದ್ದೆ ಕಲೆ ಬೀಳುವುದು ನಿಲ್ಲಬೇಕು. ಫ್ಯಾನಿನ ಕೆಳಗೆ ಹತ್ತಿಪ್ಪತ್ತು ನಿಮಿಷ ಇಡಿ. ಆಲ್ಕೋಹಾಲಿನ ವಾಸನೆ ಪೂರ್ತಿ ಹೋದಮೇಲೆ ಬೇಕಿದ್ದರೆ ಹೇರ್ ಡ್ರೈಯರ್ ಹಿಡಿಯಬಹುದು, ಅದಕ್ಕೂ ಮೊದಲು ಹಿಡಿದರೆ ಬೆಂಕಿಯ ಅಪಾಯ. ಒಣಗಿದ್ದು ಖಾತ್ರಿಯಾದ ಕೂಡಲೇ ಎಣ್ಣೆ. ನಾಳೆ ಬಿಡೋಣ ಎಂದು ಇಡಬೇಡಿ. ಕಂಪ್ರೆಸರಿನ ಗಾಳಿ ಹೊಡೆದು ಬುರ್ರನೆ ತಿರುಗಿಸುವ ಚಪಲ ಕೆಲವರಿಗಿದೆ. ಕೇಳಲು ಖುಷಿಯೇ, ಆದರೆ ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗಿದರೆ ಗುಂಡು ಗೀಚಿಕೊಳ್ಳುತ್ತದೆ, ಕೇಜ್ ಮುರಿದು ಚೂರು ಕಣ್ಣಿಗೆ ಬರಬಹುದು.

ಕೆಂಪು ಪುಡಿ ಬಂದಿರುವ ಈಗಿನ ಬೇರಿಂಗ್‌ಗಳನ್ನು ಎಸೆಯುವ ಮೊದಲು ಒಮ್ಮೆ ಹೀಗೆ ತೊಳೆದು ನೋಡಿ. ಎಣ್ಣೆ ಬಿಟ್ಟಮೇಲೆ ಒಳಬಳೆಗೆ ಕಿರುಬೆರಳು ತೂರಿಸಿ, ಹೊರಬಳೆಯನ್ನು ತುಂಬ ನಿಧಾನವಾಗಿ ತಿರುಗಿಸಿ. ನುಣ್ಣಗೆ ಜಾರಿದರೆ ಬದುಕಿದೆ. ಮರಳಿನ ಮೇಲೆ ಉರುಳಿದಂತೆ ಬೆರಳಿಗೆ ತಿಳಿದರೆ ಬಳೆಯಲ್ಲಿ ಗುಳಿ ಬಿದ್ದಿದೆ, ಯಾವ ಎಣ್ಣೆಯೂ ಅದನ್ನು ತುಂಬುವುದಿಲ್ಲ.

ಪ್ರಶ್ನೆ: ತುಕ್ಕು ಹಿಡಿದ ನಟ್ಟು ಬಿಡಿಸುವ ಸ್ಪ್ರೇ ಮನೆಯಲ್ಲಿತ್ತು. ಬೇರಿಂಗ್‌ಗೆ ಹೊಡೆದೆ, ಅವತ್ತು ಸಂಜೆ ಬೋರ್ಡ್ ಹಾರಿದಂತೆ ಓಡಿತು. ನಾಲ್ಕೇ ದಿನಕ್ಕೆ ಕೀಚಲು ಸದ್ದು. ಇನ್ನಷ್ಟು ಹೊಡೆಯಲೇ?

ಬೇಡ. ಅಂಥ ಸ್ಪ್ರೇಯಲ್ಲಿ ಹೆಚ್ಚಿನ ಪಾಲು ತೆಳು ದ್ರಾವಕ, ಹಾರಿಹೋಗುವಂಥದ್ದು. ಅದು ಒಳಗಿದ್ದ ಗಟ್ಟಿ ಗ್ರೀಸನ್ನು ಕರಗಿಸಿದ್ದರಿಂದ ಅವತ್ತು ಚಕ್ರ ಹಗುರಾಯಿತು. ಗ್ರೀಸು ಹೋಯಿತು, ದ್ರಾವಕವೂ ಆರಿತು, ಉಳಿದದ್ದು ತೆಳ್ಳನೆಯ ಪದರ. ಜತೆಗೆ ಶೀಲ್ಡಿನ ಅಂಚಿನಲ್ಲಿದ್ದ ಧೂಳನ್ನೂ ಅದು ಒಳಗೆ ತೊಳೆದುಕೊಂಡು ಹೋಗಿರುತ್ತದೆ. ಮೇಲೆ ಹೇಳಿದಂತೆ ಬಿಚ್ಚಿ ತೊಳೆದು ಸರಿಯಾದ ಎಣ್ಣೆ ಹಾಕಿ. ಆ ಡಬ್ಬಿಯನ್ನು ಟ್ರಕ್ಕಿನ ಬಿಗಿದ ನಟ್ಟಿಗೆ ಇಟ್ಟುಕೊಳ್ಳಿ, ಅದರ ಕೆಲಸ ಅಲ್ಲಿ.

ಪ್ರಶ್ನೆ: ಸರಿಯಾದ ಎಣ್ಣೆ ಎಂದರೆ ಯಾವುದು? ಎಷ್ಟು? ಗ್ರೀಸ್ ಒಳ್ಳೆಯದು ಎಂದೂ ಹೇಳುತ್ತಾರೆ. ಅಡುಗೆ ಎಣ್ಣೆ ನಡೆಯುತ್ತದೆಯೇ?

ಹೊಲಿಗೆ ಮಶೀನಿನ ಎಣ್ಣೆ. ಬೇರಿಂಗ್‌ಗೆಂದೇ ಮಾರುವ ಪುಟ್ಟ ಬಾಟಲಿಗಳೂ ಇವೆ, ಒಳ್ಳೆಯವೇ, ಆದರೆ ಅದಿಲ್ಲವೆಂದು ಕೆಲಸ ನಿಲ್ಲಿಸಬೇಕಿಲ್ಲ. ಅಳತೆ ಎರಡು ಹನಿ, ಗುಂಡುಗಳ ಮೇಲೆ ಎದುರುಬದುರಾಗಿ ಒಂದೊಂದು. ಬಿಟ್ಟು ತಿರುಗಿಸಿದರೆ ಗುಂಡುಗಳೇ ಅದನ್ನು ಸುತ್ತಲೂ ಹಂಚಿಕೊಳ್ಳುತ್ತವೆ. ಎಣ್ಣೆ ತೊಟ್ಟಿಕ್ಕುವಷ್ಟು ತುಂಬಿದರೆ ಹೆಚ್ಚಾದದ್ದು ಶೀಲ್ಡಿನ ಸಂದಿಯಿಂದ ಹೊರಬಂದು ರಸ್ತೆಯ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಬೇರಿಂಗ್ ಮುಖದ ಮೇಲೆ ಕಪ್ಪು ಕೆಸರಿನ ಬಳೆ ಕಟ್ಟಿರುವ ಬೋರ್ಡ್ ಕಂಡರೆ ಅದರ ಒಡೆಯ ಎಣ್ಣೆ ಬಿಡುವುದರಲ್ಲಿ ಧಾರಾಳಿ ಎಂದು ತಿಳಿಯಿರಿ.

ಗ್ರೀಸ್ ಬಗ್ಗೆ ಹೇಳುವವರ ಮಾತಿನಲ್ಲೂ ಹುರುಳಿದೆ. ಹೊಸ ಬೇರಿಂಗ್ ಕಾರ್ಖಾನೆಯಿಂದ ಬರುವುದು ಹೆಚ್ಚಾಗಿ ಗ್ರೀಸ್ ತುಂಬಿಕೊಂಡೇ. ಅದು ಜಾಗ ಬಿಟ್ಟು ಹರಿಯುವುದಿಲ್ಲ, ತೇವವನ್ನು ತಡೆಯುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ. ಕೈಯಿಂದ ತಿರುಗಿಸಿದರೆ ಚಕ್ರ ಬೇಗ ನಿಲ್ಲುತ್ತದೆ, ಅಷ್ಟೇ. ದಿನಾ ಓಡಾಟಕ್ಕೆ ಬೋರ್ಡ್ ಬಳಸುವವರು, ಪದೇಪದೇ ಬಿಚ್ಚಲು ಬೇಸರಪಡುವವರು ತೆಳು ಗ್ರೀಸನ್ನೇ ಹಾಕಿ ಎನ್ನುತ್ತೇನೆ. ಹೊಸ ಬೇರಿಂಗ್ ತಂದ ದಿನವೇ ಆ ಗ್ರೀಸನ್ನು ತೊಳೆದು ತೆಳು ಎಣ್ಣೆ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ.

ಅಡುಗೆ ಎಣ್ಣೆ ಗಾಳಿಗೆ ಅಂಟಾಗುತ್ತದೆ. ಹಳೆಯ ಬಾಣಲೆಯ ಹೊರಮೈಗೆ ಕೈ ಆಡಿಸಿ ನೋಡಿ. ಆ ಅಂಟು ಗುಂಡುಗಳ ಮೇಲೆ ಕೂರುವುದು ಬೇಡ.

ಪ್ರಶ್ನೆ: ನನ್ನ ಬೇರಿಂಗ್ ಮೇಲೆ ಎಬಿಇಸಿ 5 ಎಂದಿದೆ, ಗೆಳೆಯನದ್ದು 9. ಅವನ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ನಿಲ್ಲುವುದೇ ಇಲ್ಲ, ನನ್ನದು ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ತೊಳೆದರೂ ಅಷ್ಟೇ. ನಾನೂ 9 ಕೊಳ್ಳಬೇಕೇ?

ಎಬಿಇಸಿ ಎಂಬುದು ಅಳತೆಯ ಕರಾರುವಾಕ್ಕುತನದ ದರ್ಜೆ: 1, 3, 5, 7, 9. ಅಂಕಿ ಏರಿದಂತೆ ಬಳೆಗಳ ಅಳತೆಯಲ್ಲಿ ಬಿಡುವ ವ್ಯತ್ಯಾಸ ಕಡಿಮೆಯಾಗುತ್ತದೆ, ಅದೂ ಮೈಕ್ರಾನುಗಳ ಲೆಕ್ಕದಲ್ಲಿ. ಉಕ್ಕು ಎಂಥದ್ದು, ಒಳಗೆ ಯಾವ ಎಣ್ಣೆ, ನೆಗೆದು ಬಿದ್ದಾಗಿನ ಪೆಟ್ಟು ತಾಳುತ್ತದೆಯೇ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಒಂದು ಸಣ್ಣ ಲೆಕ್ಕ. ನಿಮ್ಮ ಚಕ್ರ 54 ಮಿ.ಮೀ.ದು ಎನ್ನಿ. ಒಂದು ಸುತ್ತಿಗೆ ಸುಮಾರು 17 ಸೆಂ.ಮೀ. ಸಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೂ ನಿಮಿಷಕ್ಕೆ 2,000 ಸುತ್ತು ದಾಟುವುದಿಲ್ಲ. 608 ಬೇರಿಂಗ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ತಾಕತ್ತಿನದು. 5 ಮತ್ತು 9ರ ನಡುವಿನ ವ್ಯತ್ಯಾಸ ನಿಮ್ಮ ಕಾಲಿಗೆ ತಿಳಿಯುವ ವೇಗ ಇದಲ್ಲ.

ಬೆರಳಿನಿಂದ ತಿರುಗಿಸುವ ಪಂದ್ಯವನ್ನೂ ನಂಬಬೇಡಿ. ಆಗ ಬೇರಿಂಗ್ ಮೇಲೆ ಭಾರವೇ ಇರುವುದಿಲ್ಲ. ಎಣ್ಣೆ ಪೂರ್ತಿ ಒಣಗಿದ ಬೇರಿಂಗ್ ಆ ಪಂದ್ಯ ಗೆಲ್ಲುತ್ತದೆ, ನೀವು ಹತ್ತಿ ನಿಂತು ಓಡಿಸಿದರೆ ಬೇಗ ಸಾಯುವುದೂ ಅದೇ. ಗೆಳೆಯನ ಬೇರಿಂಗ್ ಒಮ್ಮೆ ಬಿಚ್ಚಿ ನೋಡಲು ಹೇಳಿ.

ನಿಮ್ಮದು ತೊಳೆದರೂ ಭಾರವಾಗಿದೆ ಎಂದರೆ ನಟ್ಟು ನೋಡಿ. ಸ್ಪೇಸರ್ ಇಲ್ಲದ ಚಕ್ರದ ನಟ್ಟು ಬಿಗಿದಷ್ಟೂ ಒಳಬಳೆಗಳು ಒಂದರ ಕಡೆಗೊಂದು ಸರಿದು ಗುಂಡುಗಳನ್ನು ಪಕ್ಕಕ್ಕೆ ಒತ್ತುತ್ತವೆ. ಬಿಗಿಯಾಗುವವರೆಗೆ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ಬನ್ನಿ, ಚಕ್ರ ಅತ್ತಿತ್ತ ಒಂಚೂರೇ ಚೂರು ಅಲ್ಲಾಡಬೇಕು. ಇನ್ನೊಂದು ಜಾಗ, ಯಾರೂ ನೋಡದ್ದು: ವಾಷರಿಗೂ ಬೇರಿಂಗ್‌ಗೂ ನಡುವೆ ಸುತ್ತಿಕೊಂಡ ಕೂದಲು. ರಸ್ತೆ, ನೆಲದಿಂದ ಎದ್ದ ಕೂದಲೂ ದಾರದ ಎಳೆಯೂ ಆಕ್ಸಲ್ಲಿಗೆ ಲಾಳಿಗೆ ನೂಲು ಸುತ್ತಿದಂತೆ ಬಿಗಿಯಾಗಿ ಸುತ್ತಿಕೊಂಡು, ಎಣ್ಣೆ ಕುಡಿದು ಕಪ್ಪಗೆ, ಲೋಹದ ಭಾಗವೇ ಅನ್ನಿಸುವಂತೆ ಕೂತಿರುತ್ತವೆ. ಸೂಜಿಯಿಂದ ಕೆದಕಿ ಚಿಮುಟದಿಂದ ಎಳೆದರೆ ಒಮ್ಮೊಮ್ಮೆ ಗೇಣುದ್ದ ಬರುತ್ತದೆ. ಬೇರಿಂಗ್ ಮೇಲೆ ಹಾಕಿದ ಎಷ್ಟೋ ಆರೋಪ ಇಲ್ಲಿಗೇ ಮುಗಿದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಸೆರಾಮಿಕ್ ಬೇರಿಂಗ್‌ಗೆ ತುಕ್ಕೂ ಇಲ್ಲ, ಎಣ್ಣೆಯೂ ಬೇಡ ಎನ್ನುತ್ತಾರಲ್ಲ?

ಅರ್ಧ ನಿಜ. ಸ್ಕೇಟ್‌ಬೋರ್ಡಿಗೆ ಸಿಗುವ ಹೆಚ್ಚಿನವುಗಳಲ್ಲಿ ಗುಂಡು ಮಾತ್ರ ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ನದು, ಬಳೆ ಉಕ್ಕಿನದೇ. ಗುಂಡಿಗೆ ತುಕ್ಕಿಲ್ಲ, ಬಳೆಗೆ ಇದೆ. ಎಣ್ಣೆ ಬೇಕು, ಒಣಗಿಸುವ ಕಷ್ಟವೂ ತಪ್ಪಿದ್ದಲ್ಲ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಸದ್ದು ಬದಲಾದರೆ, ಒಂದು ಚಕ್ರ ಉಳಿದ ಮೂರಕ್ಕಿಂತ ಬೇಗ ನಿಂತರೆ ಬಿಚ್ಚಿ. ಮಳೆಯಲ್ಲಿ ನೆನೆದರೆ ಮಾತ್ರ ಕಾಯುವಂತಿಲ್ಲ, ಅವತ್ತೇ ಬಿಚ್ಚಿ. ಸುಮ್ಮನಿರುವ ಬೇರಿಂಗ್ ಬಿಚ್ಚಿದಷ್ಟೂ ಸೀಲಿನ ಅಂಚು ಸಡಿಲಾಗುತ್ತದೆ.

ಪ್ರಶ್ನೆ: ಬಿಚ್ಚುವಾಗ ಒಂದು ಶೀಲ್ಡ್ ಸೊಟ್ಟಗಾಯಿತು. ಅದಿಲ್ಲದೆ ಹಾಕಬಹುದೇ?

ಎರಡೂ ಬದಿಗೆ ಶೀಲ್ಡ್ ಇದ್ದ ಬೇರಿಂಗ್ ಆದರೆ ಹಾಕಬಹುದು. ತೆರೆದ ಬದಿ ಚಕ್ರದ ಒಳಮುಖಕ್ಕೆ, ಶೀಲ್ಡ್ ಇರುವ ಬದಿ ಹೊರಕ್ಕೆ ಬರಲಿ. ಸೊಟ್ಟಗಾದದ್ದನ್ನು ತಟ್ಟಿ ನೆಟ್ಟಗೆ ಮಾಡಿ ಹಾಕಬೇಡಿ, ಕೇಜಿಗೆ ಉಜ್ಜುತ್ತದೆ. ಕೂರಿಸುವಾಗ ಸುತ್ತಿಗೆಯೂ ಬೇಡ. ಬೇರಿಂಗನ್ನು ಆಕ್ಸಲ್ಲಿಗೆ ಹಾಕಿ, ಅದರ ಮೇಲೆ ಚಕ್ರವನ್ನು ಎರಡೂ ಅಂಗೈಯಿಂದ ನೇರವಾಗಿ ಒತ್ತಿ. ಆಮೇಲೆ ಚಕ್ರ ತಿರುವಿ ಹಾಕಿ, ಸ್ಪೇಸರ್ ಮರೆಯದೆ, ಎರಡನೆಯದನ್ನೂ ಹಾಗೆಯೇ ಒತ್ತಿ. ಎರಡೂ ಶೀಲ್ಡ್ ಹೋಗಿದ್ದರೆ ಆ ಒಂದು ಬೇರಿಂಗ್ ಬದಲಿಸಿ, ಉಳಿದ ಏಳು ಹಾಗೇ ಇರಲಿ.