ಜಾನ್ ಡಿಯರ್ ಹಿಮವಾಹನಗಳು ನಿಂತುಹೋದದ್ದು ಏಕೆ?

ನಮ್ಮ ಹೊಲಗಳಲ್ಲಿ ಕಾಣುವ ಹಸಿರು ಟ್ರ್ಯಾಕ್ಟರಿನ ಜಾನ್ ಡಿಯರ್ ಕಂಪನಿಯೇ ಹಿಮದ ಮೇಲೆ ಓಡುವ ಸ್ನೋಮೊಬೈಲನ್ನೂ (ಹಿಮವಾಹನ) ತಯಾರಿಸುತ್ತಿತ್ತೇ, ತಯಾರಿಸಿದ್ದರೆ ನಿಲ್ಲಿಸಿದ್ದೇಕೆ ಎಂದು ತಾವು ಕೇಳಿದ್ದೀರಿ. ಹೌದು, ಅದೇ ಕಂಪನಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೊರಿಕಾನ್ ಕಾರ್ಖಾನೆಯಲ್ಲಿ 1972ರ ಮಾದರಿಗಳಾಗಿ 400 ಮತ್ತು 500 ಎಂಬ ವಾಹನಗಳು ಮೊದಲು ಹೊರಬಂದವು. ಚಳಿಗಾಲದಲ್ಲಿ ಕೃಷಿ ಹಾಗೂ ತೋಟದ ಯಂತ್ರಗಳಿಗೆ ಗಿರಾಕಿಗಳಿಲ್ಲದೆ ಕೈಕಟ್ಟಿ ಕುಳಿತಿರುತ್ತಿದ್ದ ವಿತರಕರಿಗೆ ಇದೊಂದು ಪೂರಕ ವ್ಯಾಪಾರವಾಗಿತ್ತು. ಇಂದಿಗೂ ಕಂಪನಿಯ ಗುರುತಾಗಿರುವ, 'ಡಿಯರ್‌ನಂತೆ ಓಡುವುದು ಬೇರೊಂದಿಲ್ಲ' ಎಂಬರ್ಥದ ಘೋಷವಾಕ್ಯ ಹುಟ್ಟಿದ್ದು ಟ್ರ್ಯಾಕ್ಟರಿಗಲ್ಲ, ಈ ಹಿಮವಾಹನಗಳ ಜಾಹೀರಾತಿಗೆ ಎಂಬುದು ನನಗಂತೂ ಇಡೀ ಕಥೆಯಲ್ಲೇ ಸ್ವಾರಸ್ಯಕರವಾದ ಸಂಗತಿ.

ಮುಂದೆ ಸೈಕ್ಲೋನ್, ದ್ರವದಿಂದ ತಂಪಾಗುವ ಎಂಜಿನ್ನಿನ ಲಿಕ್ವಿಫೈರ್, ಟ್ರೈಲ್‌ಫೈರ್ ಮುಂತಾದ ಮಾದರಿಗಳು ಬಂದವು. ಕೆನಡಾದ ವಿನ್ನಿಪೆಗ್‌ನಿಂದ ಅಮೆರಿಕದ ಸೇಂಟ್ ಪಾಲ್‌ವರೆಗಿನ ಕಠಿಣ ದೂರದೋಟದ ಸ್ಪರ್ಧೆಯನ್ನು 1976ರಲ್ಲಿ ಗೆದ್ದದ್ದೂ ಡಿಯರ್ ವಾಹನವೇ.

ಆದ್ದರಿಂದ ಯಂತ್ರ ಕಳಪೆಯಾಗಿದ್ದರಿಂದ ನಿಂತಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ. 1971ರ ಸುಮಾರಿಗೆ ವರ್ಷಕ್ಕೆ 5 ಲಕ್ಷದ ಹತ್ತಿರವಿದ್ದ ಎಲ್ಲ ಕಂಪನಿಗಳ ಹಿಮವಾಹನಗಳ ಒಟ್ಟು ಮಾರಾಟ, ಇಂಧನ ಬಿಕ್ಕಟ್ಟು, ಆರ್ಥಿಕ ಹಿಂಜರಿತ ಮತ್ತು ಹಿಮ ಕಡಿಮೆ ಬಿದ್ದ ಚಳಿಗಾಲಗಳ ಪೆಟ್ಟಿಗೆ ಸಿಲುಕಿ, 1980ರ ದಶಕದ ಆರಂಭಕ್ಕೆ 1 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕೃಷಿಯಂತ್ರಗಳ ಮಾರುಕಟ್ಟೆಯೂ ಅದೇ ಹೊತ್ತಿನಲ್ಲಿ ಕುಸಿದಾಗ ಕಂಪನಿಯು ಮುಖ್ಯ ಕಸುಬನ್ನು ಉಳಿಸಿಕೊಂಡು, 1984ರ ಮಾದರಿಗಳೊಂದಿಗೆ ಹಿಮವಾಹನಗಳನ್ನು ಕೈಬಿಟ್ಟಿತು.