ಹೆಣ ಬೇಕಿಲ್ಲ, ಬಾಯಿ ಬಿಡದವನೊಬ್ಬ ಬೇಕು

ಕೊಲೆ ಇಲ್ಲದಿದ್ದರೆ ಪತ್ತೇದಾರಿ ಕಾದಂಬರಿಯನ್ನು ಯಾರೂ ಓದುವುದಿಲ್ಲವೇ ಎಂದು ಕೇಳಿದ್ದೀರಿ. ನಿಮ್ಮ ಕಥೆ ನಡೆಯುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ, ಮಾನ್ವಿ ಕಡೆ, ಕಳವಾಗುವುದು ನೀರು. ಪ್ರಶ್ನೆಯೇ ಸ್ವಲ್ಪ ಅಡ್ಡದಾರಿ ಹಿಡಿದಿದೆ ನೋಡ್ರಿ. ಹೆಣ ಇರಲೇಬೇಕು ಎಂದು 1928ರಲ್ಲಿ ನಿಯಮ ಮಾಡಿದವರು ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಎಸ್.ಎಸ್. ವ್ಯಾನ್ ಡೈನ್. ಏಳೇ ವರ್ಷಕ್ಕೆ, 1935ರಲ್ಲಿ, ಇಂಗ್ಲೆಂಡಿನ ಡೊರೊಥಿ ಸೇಯರ್ಸ್ ಅವರ ಪತ್ತೇದಾರಿ ಕಾದಂಬರಿ 'ಗಾಡಿ ನೈಟ್' ಬಂತು: ಆಕ್ಸ್‌ಫರ್ಡಿನ ಒಂದು ಮಹಿಳಾ ಕಾಲೇಜು, ಹೆಸರಿಲ್ಲದ ಹೊಲಸು ಪತ್ರಗಳು, ಕೊಲೆ ಒಂದೂ ಇಲ್ಲ. ಜನ ಇವತ್ತಿಗೂ ಓದುತ್ತಾರೆ.

ಕೊಲೆಯಿಂದ ಬರೆಯುವವರಿಗೆ ಮೂರು ಸೌಕರ್ಯ ಪುಕ್ಕಟೆ ಸಿಗುತ್ತವೆ. ಆದ ನಷ್ಟ ತುಂಬಿಬರುವುದಿಲ್ಲ, ಪೊಲೀಸರು ಬಂದೇ ಬರುತ್ತಾರೆ, ಸತ್ತವನು ಸಾಕ್ಷಿ ಹೇಳಲಾರ. ಕೊಲೆ ಬೇಡವೆಂದರೆ ಮೂರನ್ನೂ ನೀವೇ ಕಟ್ಟಬೇಕು. ಮೊದಲೆರಡು ಸುಲಭ. ಭತ್ತ ಹೊಡೆಗೆ ಬಂದಾಗ, ಅಂದರೆ ತೆನೆ ಹೊರಡುವ ಮುನ್ನ, ನೀರು ತಪ್ಪಿದರೆ ಕಾಳು ಜೊಳ್ಳು. ಆಮೇಲೆ ಡ್ಯಾಂ ತುಂಬಿದರೂ ಪ್ರಯೋಜನವಿಲ್ಲ. ಕಥೆಗೆ ಗಡುವು ಸಿಕ್ಕಿತು. ಹುಡುಕಲು ನೀರಾವರಿ ಇಲಾಖೆಗೆ ಹೊಸದಾಗಿ ಬಂದ ಜೆ.ಇ. (ಕಿರಿಯ ಎಂಜಿನಿಯರ್) ಒಬ್ಬರು ಸಾಕು.

ಮುಗ್ಗರಿಸುವುದು ಮೂರನೆಯದರಲ್ಲಿ. ನೀರು ಕಳೆದುಕೊಂಡ ರೈತ ಬದುಕಿದ್ದಾನೆ, ಕೈಯಲ್ಲಿ ಫೋನಿದೆ, ಯಾರ ಮೇಲೆ ಅನುಮಾನವೆಂದೂ ಗೊತ್ತಿದೆ. ಎರಡನೇ ಅಧ್ಯಾಯದಲ್ಲೇ ಯಾಕೆ ಹೇಳಬಾರದು? ಬಹಳ ಜನ ಇಲ್ಲಿ ಅವನನ್ನು ಪರಊರಿಗೆ ಕಳಿಸಿಬಿಡುತ್ತಾರೆ, ಫೋನ್ ಸ್ವಿಚ್ ಆಫ್ ಮಾಡಿಸುತ್ತಾರೆ, 'ಟೈಮ್ ಬಂದಾಗ ಹೇಳ್ತೀನಿ' ಅನ್ನಿಸುತ್ತಾರೆ. ಓದುಗ ಪುಸ್ತಕ ಮುಚ್ಚುವುದು ಅಲ್ಲಿ, ಹೆಣ ಸಿಗಲಿಲ್ಲವೆಂದಲ್ಲ. ಬಾಯಿ ಕಟ್ಟುವ ಕಾರಣ ಅವನ ಸ್ವಂತದ್ದೇ ಆಗಿರಬೇಕು. ಅಚ್ಚುಕಟ್ಟಿನ ಹೊರಗಿರುವ, ಅಂದರೆ ಕಾಲುವೆ ನೀರಿನ ಹಕ್ಕಿಲ್ಲದ, ತನ್ನ ಎರಡು ಎಕರೆಗೆ ಅವನೂ ರಾತ್ರಿ ಪೈಪ್ ಇಳಿಸುತ್ತಿದ್ದಾನೆ ಅನ್ನಿ. ದೂರು ಕೊಟ್ಟರೆ ಮೊದಲು ಕಿತ್ತುಹಾಕುವುದು ಅವನ ಪೈಪನ್ನೇ. ಈಗ ಅವನ ಪ್ರತಿ ಮಾತೂ ಅರ್ಧ ನಿಜ, ಅರ್ಧ ಮರೆ; ಅವನೇ ಕಳ್ಳನೋ ಎಂಬ ಅನುಮಾನ ನೀವು ಹೇಳದೆಯೇ ಹುಟ್ಟುತ್ತದೆ.

ಸುಳಿವು ಕಾಲುವೆಯಲ್ಲೇ ಇದೆ. ಕಾಲುವೆಯ ನೀರಿನ ಮಟ್ಟ ಬರೆದಿಡುವ ಗೇಜ್ ಪುಸ್ತಕದಲ್ಲಿ ತಿಂಗಳಿಡೀ ಆರು ಅಡಿ; ಗೋಡೆಯ ಮೇಲಿನ ಹಸಿ ಪಾಚಿ ನಾಲ್ಕೇ ಅಡಿಗೆ ನಿಂತಿದೆ. ಇದನ್ನು ಇಪ್ಪತ್ತನೇ ಪುಟದೊಳಗೆ, ಎಮ್ಮೆ ಮೈತೊಳೆಯುವ ವಾಕ್ಯದ ನಡುವೆ ತೂರಿಸಿ. ಅಧ್ಯಾಯದ ಕೊನೆಯ ಸಾಲಿನಲ್ಲಂತೂ ಇಡಲೇಬೇಡಿ, ಓದುಗನ ಕಣ್ಣು ಕಾಯುವುದೇ ಅಲ್ಲಿ. ತೊಂಬತ್ತನೇ ಪುಟದ ಸುಮಾರಿಗೆ ಬೇರೆಯವರ ಬಾಯಲ್ಲಿ ಇನ್ನೊಮ್ಮೆ ಬರಲಿ, ಮೂರನೆಯ ಸಲ ಬಂದರೆ ಅದು ಬಿಡಿಸುವಾಗ. ಶಂಕಿತರು ನಾಲ್ಕೈದು ಜನ ಸಾಕು. ಎಲ್ಲರೂ ಒಂದೊಂದು ಸುಳ್ಳು ಹೇಳಲಿ, ಗೇಜಿಗೆ ತಾಗುವುದು ಒಂದೇ ಇರಲಿ.

ಇಷ್ಟಾದ ಮೇಲೂ ಕಥೆ ನೂರು ಪುಟಕ್ಕೆ ಮುಗಿದರೆ ನೂರಕ್ಕೇ ಬಿಡಿ. ಪುಟ ತುಂಬಿಸಲೆಂದು ನಡುವೆ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ನನ್ನು ನೀರಿಗೆ ಕೆಡವಿ ಸಾಯಿಸಿದಿರೋ, ಅಲ್ಲಿಂದಾಚೆ ನೀರಿನ ಲೆಕ್ಕ ಯಾವ ಓದುಗನಿಗೂ ಬೇಡವಾಗುತ್ತದೆ.